ಜೆರಾಲ್ಡ್ ವೈಲಿ ಎಂದರೆ ಯಾರು?

ಬ್ಯಾಂಕ್ ಗುಮಾಸ್ತರಿಗೂ ನಗುವಿಗೂ ಎಣ್ಣೆ–ಸೀಗೆಕಾಯಿ ಸಂಬಂಧ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. 36 ವರ್ಷ ಕೌಂಟರಿನ ಒಳಗೆ ಕೂತು ಲೆಡ್ಜರ್ ಬರೆದ ನಾನು ಅದನ್ನು ಅಲ್ಲಗಳೆಯಲಾರೆ. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಮನೆಗೆ ಹೋಗುವಂತಿಲ್ಲದ ಕಾಲ ಅದು. ನಗು ಎಲ್ಲಿಂದ ಬರಬೇಕು? ಹಾಗಾಗಿ, ಇಂಗ್ಲೆಂಡನ್ನೆಲ್ಲ ನಗಿಸಿದ ರಾನಿ ಬಾರ್ಕರ್ ಎಂಬ ಮಹಾನುಭಾವರು ಮೊದಲು ಬ್ಯಾಂಕ್ ಗುಮಾಸ್ತರಾಗಿದ್ದರು ಎಂದು ತಿಳಿದ ದಿನ, ನಮ್ಮ ಶಾಖೆಯ ಹುಡುಗನೇ ಬಹುಮಾನ ಗೆದ್ದು ಬಂದಷ್ಟು ಹೆಮ್ಮೆಯಾಯಿತು.

ಮಕ್ಕಳೇ, ನಿಮಗೆ ಮಿಸ್ಟರ್ ಬೀನ್ ಗೊತ್ತು. ಬಾರ್ಕರ್ ಅದೇ ದೇಶದವರು, ಆದರೆ ಒಂದು ತಲೆಮಾರು ಹಿರಿಯರು. ಬೀನ್ ಮಾತಿಲ್ಲದೆ ನಗಿಸುತ್ತಾನೆ. ಬಾರ್ಕರ್ ಮಾತನ್ನೇ ಚೆಂಡಿನಂತೆ ಪುಟಿಸಿ ನಗಿಸಿದವರು.

ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 25ರಂದು, ಬೆಡ್‌ಫರ್ಡ್‌ನಲ್ಲಿ. ಬೆಳೆದದ್ದು ಆಕ್ಸ್‌ಫರ್ಡ್ ಊರಿನಲ್ಲಿ. ಶಾಲೆ ಮುಗಿಸಿ ಕಟ್ಟಡಗಳ ನಕ್ಷೆ ಬರೆಯುವ ವಿದ್ಯೆ ಕಲಿಯಲು ಹೋದರು. ಇದು ತನ್ನ ಕೈಗೆ ಒಗ್ಗುವ ಕೆಲಸವಲ್ಲ ಎನಿಸಿ ಕೆಲವೇ ತಿಂಗಳಲ್ಲಿ ಬಿಟ್ಟರು. ಅಷ್ಟರಲ್ಲಿ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ಅವರ ಅಕ್ಕ, ನರ್ಸ್ ಆಗಬೇಕೆಂದು ಕೆಲಸ ಬಿಟ್ಟಿದ್ದರು. ಆ ಕೆಲಸಕ್ಕೆ ತಮ್ಮ ಸೇರಿದ. ಹಗಲು ಬ್ಯಾಂಕು, ಸಂಜೆ ಹವ್ಯಾಸಿ ನಾಟಕ. ಒಂದೂವರೆ ವರ್ಷ ಹೀಗೆ ನಡೆಯಿತು.

1948ರಲ್ಲಿ ಆ ಹುಡುಗ ಬ್ಯಾಂಕಿಗೆ ನಮಸ್ಕಾರ ಹೇಳಿ ಏಲ್ಸ್‌ಬರಿ ಎಂಬ ಊರಿನ ನಾಟಕ ತಂಡ ಸೇರಿದ. ವಾರಕ್ಕೆ 2 ಪೌಂಡ್ 10 ಶಿಲಿಂಗ್ ಸಂಬಳ. ತಿಂಗಳ ಸಂಬಳವಿರುವ ಬ್ಯಾಂಕ್ ಕೆಲಸ ಬಿಟ್ಟು ಬಣ್ಣ ಹಚ್ಚಲು ಹೊರಟೆ ಎಂದಿದ್ದರೆ ನಮ್ಮ ತಂದೆ ನನ್ನನ್ನು ಏನು ಮಾಡುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಈ ಪತ್ರಿಕೆಯನ್ನು ಮಕ್ಕಳೂ ಓದುತ್ತಾರೆ.

ಆಮೇಲೆ ಹಲವು ವರ್ಷ ಸಣ್ಣ ಊರುಗಳ ನಾಟಕ, ಮುಂದೆ ಬಿಬಿಸಿ ರೇಡಿಯೋ. ಒಬ್ಬರೇ ಹತ್ತಾರು ದನಿಗಳಲ್ಲಿ ಮಾತನಾಡುವ ಕಲೆ ಅವರಿಗೆ ಅಲ್ಲಿ ಸಿದ್ಧಿಸಿತು. 1966ರಲ್ಲಿ ಡೇವಿಡ್ ಫ್ರಾಸ್ಟ್ ಎಂಬುವರ ಟಿವಿ ಕಾರ್ಯಕ್ರಮದಲ್ಲಿ ಅವರಿಗೆ ಜೊತೆಯಾದವರು ರಾನಿ ಕಾರ್ಬೆಟ್. ಬಾರ್ಕರ್ ದಪ್ಪ ಶರೀರದವರು, ಕಾರ್ಬೆಟ್ ಐದಡಿಗಿಂತ ಸ್ವಲ್ಪವೇ ಎತ್ತರ. ಇಬ್ಬರ ಹೆಸರೂ ರಾನಿ. ನೋಡಿದರೇ ನಗು ಬರುವ ಜೋಡಿ.

ನಾನು ಹೇಳಬೇಕೆಂದಿರುವ ಕಥೆ ಈಗ ಬಂತು. 1968ರ ಸುಮಾರಿಗೆ ಫ್ರಾಸ್ಟ್ ಅವರ ಇನ್ನೊಂದು ಕಾರ್ಯಕ್ರಮಕ್ಕೆ ಜೆರಾಲ್ಡ್ ವೈಲಿ ಎಂಬ ಹೊಸ ಲೇಖಕನಿಂದ ಕಿರುಪ್ರಹಸನಗಳು ಬರತೊಡಗಿದವು. ಆಸ್ಪತ್ರೆ, ಅಂಗಡಿಗಳಂಥ ಜಾಗದಲ್ಲಿ ನಡೆಯುವ ನಾಲ್ಕೈದು ನಿಮಿಷದ ನಗೆನಾಟಕಗಳು. ಎಲ್ಲರಿಗೂ ಇಷ್ಟವಾದವು. ಆದರೆ ಈ ವೈಲಿಯನ್ನು ಕಂಡವರೇ ಇಲ್ಲ. ಬರಹ ಏಜೆಂಟರ ಮೂಲಕ ಬರುತ್ತದೆ, ಮನುಷ್ಯ ಮಾತ್ರ ಬರುವುದಿಲ್ಲ. ಯಾರೋ ದೊಡ್ಡ ನಾಟಕಕಾರರು ಬೇರೆ ಹೆಸರಿನಲ್ಲಿ ಬರೆಯುತ್ತಿರಬೇಕೆಂದು ಜನ ಊಹಿಸಿದರು. ಟಾಮ್ ಸ್ಟಾಪರ್ಡ್ ಹೆಸರೂ ಓಡಾಡಿತು. ಪ್ರೇಕ್ಷಕರ ಮುಂದೆ ಯಾವುದಾದರೂ ಮಾತು ಸಪ್ಪೆಯಾದರೆ ಬಾರ್ಕರ್ ಕೂಡ ‘ಈ ವೈಲಿ ಬರೆದದ್ದು ಸರಿಯಿಲ್ಲ’ ಎಂದು ಟೀಕಿಸುತ್ತಿದ್ದರು.

ಕೊನೆಗೊಂದು ದಿನ ವೈಲಿಯಿಂದಲೇ ಆಹ್ವಾನ ಬಂತು. ಸ್ಟುಡಿಯೋ ಹತ್ತಿರದ ಚೀನೀ ಹೋಟೆಲಿನಲ್ಲಿ ಎಲ್ಲರಿಗೂ ಊಟ. ಎಲ್ಲರೂ ಬಾಗಿಲ ಕಡೆಗೇ ಕಣ್ಣು ನೆಟ್ಟು ಕೂತರು. ಆಗ ಬಾರ್ಕರ್ ಎದ್ದು ನಿಂತು, ವೈಲಿ ಎಂದರೆ ನಾನೇ ಎಂದರು. ಇದೂ ಅವರ ಒಂದು ತಮಾಷೆ ಎಂದುಕೊಂಡು ಮೊದಲು ಯಾರೂ ನಂಬಲಿಲ್ಲವಂತೆ!

ಯಾಕೆ ಈ ಬಚ್ಚಿಟ್ಟಾಟ? ಬಾರ್ಕರ್ ಆಗಲೇ ಆ ಕಾರ್ಯಕ್ರಮದ ಮುಖ್ಯ ನಟ. ‘ನಾನು ಬರೆದಿದ್ದೇನೆ’ ಎಂದು ಕೊಟ್ಟಿದ್ದರೆ ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಹೆಸರು ನೋಡಿ ಒಪ್ಪುವುದು ಬೇಡ, ಬರಹ ನೋಡಿ ಒಪ್ಪಲಿ ಎಂಬುದು ಅವರ ಹಟ.

ಬ್ಯಾಂಕಿನಲ್ಲಿ ನಮಗೆ ಮೊದಲ ವಾರವೇ ಕಲಿಸುತ್ತಿದ್ದ ಒಂದು ನಿಯಮ ಇದೆ. ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ. ಬರೆಯುವ ಕೈ ಬೇರೆ, ಸಹಿ ಹಾಕುವ ಕೈ ಬೇರೆ. ನಂಬಿಕೆ ಇಲ್ಲವೆಂದಲ್ಲ, ಲೆಕ್ಕ ನಿಜವಾಗಿರಲಿ ಎಂದು. ಬಾರ್ಕರ್ ಬ್ಯಾಂಕ್ ಬಿಟ್ಟರೂ ಈ ನಿಯಮ ಅವರನ್ನು ಬಿಟ್ಟಿರಲಿಲ್ಲ ಎಂದು ನಾನು ಅಂದುಕೊಳ್ಳುತ್ತೇನೆ.

ಹೋದ ವರ್ಷ ನನ್ನ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆಂದು ಒಂದು ಪುಟ್ಟ ನಾಟಕ ಬರೆದಳು. ಆರನೇ ತರಗತಿಯ ಹುಡುಗಿ. ನಾನು ಓದಿ ಚೆನ್ನಾಗಿದೆ ಎಂದೆ. ಅವಳಜ್ಜಿ ಕನ್ನಡಕ ಹಾಕಿಕೊಳ್ಳದೆಯೇ ಬಹಳ ಚೆನ್ನಾಗಿದೆ ಎಂದಳು. ಹುಡುಗಿಯ ಮುಖ ಅರಳಲಿಲ್ಲ. “ತಾತ, ನೀವು ನನ್ನ ತಾತ. ಚೆನ್ನಾಗಿದೆ ಅನ್ನದೆ ಇನ್ನೇನು ಅಂತೀರಿ? ನಿಜವಾಗಲೂ ಹೇಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?” ಎಂದು ಕೇಳಿದಳು. ಎಪ್ಪತ್ತು ದಾಟಿದವನಿಗೂ ಸುಲಭವಾಗಿ ಉತ್ತರ ಸಿಗದ ಪ್ರಶ್ನೆ. ನಾನು ವೈಲಿಯ ಕಥೆ ಹೇಳಿದೆ.

ಮಾರನೆಯ ದಿನ ಅವಳು ನಾಟಕವನ್ನು ಬೇರೆ ಕಾಗದದ ಮೇಲೆ ನೀಟಾಗಿ ಬರೆದು, ಹೆಸರು ಹಾಕದೆ, ಕನ್ನಡ ಮೇಡಂ ಮೇಜಿನ ಮೇಲಿಟ್ಟು ಬಂದಳು. ಮೇಡಂ ತರಗತಿಯಲ್ಲಿ ಓದಿದರಂತೆ. ಮಕ್ಕಳು ಎರಡು ಕಡೆ ನಕ್ಕರಂತೆ. “ಯಾರೇ ಬರೆದಿರಲಿ, ಚೆನ್ನಾಗಿ ಬರೆದಿದ್ದಾರೆ. ಆದರೆ ಕೊನೆಯ ಪುಟದ ಉಪದೇಶ ಬೇಡ” ಎಂದರಂತೆ. ಆ ಸಂಜೆ ಅವಳು ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ ಎದ್ದು ಬಂದು, “ಎರಡು ಕಡೆ ನಕ್ಕರು ತಾತ, ನಾನು ಬರೆದದ್ದು ಅಂತ ಗೊತ್ತಿಲ್ಲದೇನೇ ನಕ್ಕರು!” ಎಂದಳು. ಆಗಿನ ಅವಳ ಮುಖ ನೋಡಬೇಕಿತ್ತು. ಕೊನೆಯ ಪುಟವನ್ನು ತಾನೇ ಹರಿದು ಹಾಕಿದಳು.

ಇನ್ನು ಬಾರ್ಕರ್ ಕಡೆಗೆ ಬರೋಣ. 1971ರಲ್ಲಿ ಬಿಬಿಸಿಯಲ್ಲಿ ‘ದ ಟೂ ರಾನೀಸ್’ ಶುರುವಾಯಿತು. 1987ರವರೆಗೆ ನಡೆಯಿತು. ಗುಟ್ಟು ರಟ್ಟಾದ ಮೇಲೂ ಬಾರ್ಕರ್ ತಮ್ಮ ಪ್ರಹಸನಗಳಿಗೆ ವೈಲಿ ಎಂದೇ ಹೆಸರು ಹಾಕುತ್ತಿದ್ದರು. ಅವುಗಳಲ್ಲಿ ಬಹಳ ಹೆಸರಾದದ್ದು 1976ರ ಒಂದು ಅಂಗಡಿಯ ಪ್ರಸಂಗ. ಗಿರಾಕಿ ಬಾರ್ಕರ್, ಅಂಗಡಿಯವರು ಕಾರ್ಬೆಟ್. ಗಿರಾಕಿ ಕೇಳುವುದು ‘ಫೋರ್ಕ್ ಹ್ಯಾಂಡಲ್ಸ್’, ಅಂದರೆ ತೋಟದ ಮಣ್ಣು ಸಡಿಲಿಸುವ ಫೋರ್ಕಿಗೆ ಹಾಕುವ ಮರದ ಕಾವು. ನಮ್ಮಲ್ಲೂ ಮಾತಿನ ಓಟದಲ್ಲಿ ‘ಹಕ್ಕಿ’ ಹೋಗಿ ‘ಅಕ್ಕಿ’ ಆಗುವುದುಂಟಲ್ಲ, ಹಾಗೆ ಅವನ ಬಾಯಲ್ಲಿ ‘ಹ’ಕಾರ ಬೀಳುತ್ತದೆ. ಅಂಗಡಿಯವನಿಗೆ ಕೇಳಿಸುವುದು ‘ಫೋರ್ ಕ್ಯಾಂಡಲ್ಸ್’. ನಾಲ್ಕು ಮೇಣದಬತ್ತಿ ತಂದಿಡುತ್ತಾನೆ! ಮುಂದೆ ಗಿರಾಕಿ ‘ಓಸ್’ ಬೇಕೆಂದರೆ ಮಣ್ಣು ಕೆದಕುವ ‘ಹೋ’ ತರುತ್ತಾನೆ, ನೀರಿನ ‘ಹೋಸ್’ ಪೈಪು ತರುತ್ತಾನೆ. ಅವನಿಗೆ ಬೇಕಿದ್ದದ್ದು ಗೇಟಿನ ಮೇಲೆ ಮನೆಯ ಹೆಸರು ಬರೆಯಲು ‘ಓ’ ಅಕ್ಷರಗಳು. ಅಕ್ಷರದ ಡಬ್ಬ ತಂದು, ವಾಪಸು ಇಟ್ಟು ಬಂದ ಮೇಲೆ ಗಿರಾಕಿ ‘ಪೀಸ್’ ಬೇಕು ಎನ್ನುತ್ತಾನೆ. ಬೈದುಕೊಳ್ಳುತ್ತ ಮತ್ತೆ ಡಬ್ಬ ತಂದರೆ, ಈ ಸಲ ಬೇಕಿದ್ದದ್ದು ಅಕ್ಷರವಲ್ಲ, ಡಬ್ಬಿಯಲ್ಲಿ ಬರುವ ಬಟಾಣಿ! ಇದರಲ್ಲಿ ಯಾರನ್ನೂ ಹಂಗಿಸಿಲ್ಲ, ಯಾರೂ ಕೆಟ್ಟವರಲ್ಲ. ಇಬ್ಬರು ಒಳ್ಳೆಯವರ ನಡುವೆ ಮಾತು ದಾರಿ ತಪ್ಪುತ್ತದೆ, ಅಷ್ಟೇ. ಬಾರ್ಕರ್ ಕೈಬರಹದ ಆ ಪ್ರತಿ 2007ರಲ್ಲಿ 48,500 ಪೌಂಡಿಗೆ ಹರಾಜಾಯಿತು.

ಬೇರೆಯವರು ಬರೆದದ್ದರಲ್ಲೂ ಅವರು ಅಷ್ಟೇ ಚೆನ್ನಾಗಿ ನಟಿಸಿದರು. ‘ಪಾರಿಜ್’ ಧಾರಾವಾಹಿಯಲ್ಲಿ ಅವರು ಫ್ಲೆಚರ್ ಎಂಬ ಕೈದಿ. ಪಾರಿಜ್ ಎಂದರೆ ಗಂಜಿ. ನಾವು ‘ಜೈಲಿನಲ್ಲಿ ಮುದ್ದೆ ಮುರಿಯುವುದು’ ಎನ್ನುವಂತೆ ಅವರಲ್ಲಿ ಗಂಜಿ. ‘ಓಪನ್ ಆಲ್ ಅವರ್ಸ್’ನಲ್ಲಿ ಆರ್ಕ್‌ರೈಟ್ ಎಂಬ ಜಿಪುಣ ದಿನಸಿ ಅಂಗಡಿಯವ. ಅವನ ಹಳೆಯ ಗಲ್ಲಾಪೆಟ್ಟಿಗೆ ಹಣ ಹಾಕಿದ ಕೂಡಲೇ ಬೆರಳು ಕಚ್ಚುವಂತೆ ರಪ್ಪನೆ ಮುಚ್ಚಿಕೊಳ್ಳುತ್ತದೆ. ಕ್ಯಾಷ್ ಕೌಂಟರಿನಲ್ಲಿ ಕೂತ ಯಾರಿಗಾದರೂ ಆ ಗಲ್ಲಾ ಕಂಡರೆ ನಗುವೂ ಬರುತ್ತದೆ, ಬೆರಳೂ ನಡುಗುತ್ತದೆ.

ಹಿರಿಯ ಓದುಗರಿಗೆ ಒಂದು ಮಾತು. ನಮ್ಮಂಥವರನ್ನು ನಿವೃತ್ತಿಯ ನಿಯಮ ಹಾರ ಹಾಕಿ ಮನೆಗೆ ಕಳಿಸುತ್ತದೆ. ಬಾರ್ಕರ್‌ಗೆ ಯಾರೂ ಹೋಗಿ ಎನ್ನಲಿಲ್ಲ. ಕೀರ್ತಿ ಇನ್ನೂ ಏರುತ್ತಿರುವಾಗಲೇ, 58ರ ವಯಸ್ಸಿನಲ್ಲಿ, ತಾವಾಗಿ ನಿಲ್ಲಿಸಿದರು. ಆಕ್ಸ್‌ಫರ್ಡ್ ಸೀಮೆಯ ಚಿಪ್ಪಿಂಗ್ ನಾರ್ಟನ್ ಎಂಬ ಊರಿನಲ್ಲಿ ಪತ್ನಿ ಜಾಯ್ ಜೊತೆ ಹಳೆಯ ಕಲಾವಸ್ತುಗಳ ಅಂಗಡಿ ಇಟ್ಟುಕೊಂಡರು. ತಮ್ಮ ಕೆಲಸಕ್ಕೆ ತಾವೇ ಬಿಗಿಯಾದ ತಪಾಸಣೆ ಮಾಡಿಕೊಂಡು ಬಂದವರಿಗೆ, ಎಲ್ಲಿ ಗೆರೆ ಎಳೆದು ಮೊತ್ತ ಬರೆಯಬೇಕು ಎಂಬುದೂ ಗೊತ್ತಿತ್ತು. ಹದಿನಾಲ್ಕು ವರ್ಷದ ನಂತರ, 2002ರಲ್ಲಿ, ಚರ್ಚಿಲ್ ಕುರಿತ ‘ದ ಗ್ಯಾದರಿಂಗ್ ಸ್ಟಾರ್ಮ್’ ಚಿತ್ರದಲ್ಲಿ ಮನೆಯ ಹಿರಿಯ ಸೇವಕನ ಪಾತ್ರ ಮಾಡಿದರು. ಸಣ್ಣ ಪಾತ್ರ, ನೋಡಿದವರು ಮರೆಯುವುದಿಲ್ಲ.

ಅವರು ತೀರಿಕೊಂಡದ್ದು 2005ರ ಅಕ್ಟೋಬರ್ 3ರಂದು. ಮುಂದಿನ ಮಾರ್ಚ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ನೆನಪಿನ ಪ್ರಾರ್ಥನೆ ನಡೆಯಿತು. ರಾಜರಾಣಿಯರ ಪಟ್ಟಾಭಿಷೇಕವಾಗುವ ಪ್ರಾರ್ಥನಾ ಮಂದಿರ ಅದು. ಅಲ್ಲಿ ಶಿಲುಬೆಯ ಜೊತೆ ಎರಡು ಮೇಣದಬತ್ತಿ ಹಿಡಿದು ನಡೆಯುವುದು ವಾಡಿಕೆ. ಅಂದು ನಾಲ್ಕು ಮೇಣದಬತ್ತಿಗಳು ಬಂದವು. ಕಣ್ಣೀರು ಒರೆಸಿಕೊಳ್ಳುತ್ತಿದ್ದವರಿಗೆ ಅದನ್ನು ಕಂಡು ನಗು ತಡೆಯಲಾಗಿರಲಿಕ್ಕಿಲ್ಲ. ವೈಲಿ ಬರೆದ ವೋಚರಿಗೆ ಅಂದು ಒಂದು ದೇಶವೇ ಸಹಿ ಹಾಕಿತು.