ಒತ್ತೆ ಬಿದ್ದಿದ್ದ ರಾಯಚೂರು

ಒಂಬತ್ತನೆಯ ತರಗತಿಗೆ ನ್ಯೂಟನ್ನನ ಮೂರನೆಯ ನಿಯಮ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಸರ್, ದೊಡ್ಡ ದೇಶ ತನ್ನ ಹಳೇ ದೋಸ್ತ ದೇಶದ ಮ್ಯಾಲೆ ಸಿಟ್ಟಾಗೇದಂತ ಪೇಪರಿನ್ಯಾಗ ಬಂದೈತಿ. ಸಣ್ಣದು ತಿರುಗಿ ಬೈದರ ದೊಡ್ಡದಕ್ಕೇನೂ ಆಗವಲ್ದು. ಕ್ರಿಯೆ, ಪ್ರತಿಕ್ರಿಯೆ ಸಮ ಹೆಂಗ್ರಿ?"

ಬಲ ಸಮನೇ, ಹಗುರವಾದದ್ದು ಮಾತ್ರ ಹೆಚ್ಚು ದೂರ ಹೋಗಿ ಬೀಳುತ್ತದೆ ಎಂದು ಹೇಳಿ ಪಾರಾದೆ. ನೆಟ್ಟಗಿನ ಉದಾಹರಣೆ ನಮ್ಮ ಊರಲ್ಲೇ ಇದೆಯಲ್ಲ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ.

ಹೈದರಾಬಾದಿನ ನಿಜಾಮರೂ ಇಂಗ್ಲಿಷರೂ ಕೂಡಿ ಟಿಪ್ಪುವಿನ ಮೇಲೆ ಯುದ್ಧ ಮಾಡಿದವರು. ಆಗ ಪಾಲಿಗೆ ಬಂದ ಬಳ್ಳಾರಿ, ಕಡಪ ಸೀಮೆಯನ್ನು 1800ರಲ್ಲಿ ನಿಜಾಮರು ಕಂಪನಿಗೇ ಬಿಟ್ಟುಕೊಟ್ಟರು, ತಮ್ಮನ್ನು ಕಾಯುವ ಪಡೆಯ ಖರ್ಚಿಗೆಂದು. ತುಂಗಭದ್ರೆಯ ಆಚೆ ಮದ್ರಾಸು, ಈಚೆ ಹೈದರಾಬಾದು ಆದದ್ದು ಹೀಗೆ. ಅದು ಸಾಲದೆಂದು ಕಂಟಿಂಜೆಂಟ್ ಎಂಬ ಇನ್ನೊಂದು ಸೈನ್ಯ ಬಂತು. ನಮ್ಮ ಲಿಂಗಸುಗೂರಿನಲ್ಲೂ ಅದರ ಛಾವಣಿ ಇತ್ತು. ಅಧಿಕಾರಿಗಳು ಇಂಗ್ಲಿಷರು, ಸಂಬಳ ಮಾತ್ರ ನಿಜಾಮರದು. ಬಾಕಿ ಬಿದ್ದರೆ ಕಂಪನಿಯೇ ಸಂಬಳ ಕೊಟ್ಟು, ಅದನ್ನು ನಿಜಾಮರ ಹೆಸರಿಗೆ ಸಾಲ ಬರೆಯುತ್ತಿತ್ತು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತೆಂದು ಬಿಡಿಸಿ ಹೇಳಬೇಕೆ?

ನನ್ನ ತಂದೆಯೂ ದೇವದುರ್ಗದ ಕಡೆ ಎರಡು ಎಕರೆ ಎರೆಭೂಮಿಯನ್ನು ಗೆಳೆಯರೊಬ್ಬರಿಗೆ ಒತ್ತೆ ಇಟ್ಟಿದ್ದರು. ಲೆಕ್ಕ ತೋರಿಸು ಎಂದಾಗ ಆ ಗೆಳೆಯರು, "ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದು ನೊಂದುಕೊಂಡರು. ತಂದೆ ನಾಚಿ ಸುಮ್ಮನಾದರು. ನಾನಾಗ ಆರನೆಯ ತರಗತಿಯಲ್ಲಿದ್ದೆ. ಆ ನಾಚಿಕೆ ಇನ್ನೂ ಕಣ್ಣಿಗೆ ಕಟ್ಟಿದೆ.

1853ರ ಮೇ ತಿಂಗಳಲ್ಲಿ ಡಾಲ್‌ಹೌಸಿ ವಸೂಲಿಗೆ ನಿಂತ. ಸಾಲ ನಲವತ್ತು ಲಕ್ಷ ರೂಪಾಯಿಗೂ ಮೇಲೆ. ನಿಜಾಮ ನಾಸಿರುದ್ದೌಲ ಒಲ್ಲೆನೆಂದರೂ ಒಪ್ಪಲೇಬೇಕಾಯಿತು. ಬೇರಾರ್, ಧಾರಾಶಿವ, ಜೊತೆಗೆ ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ದೋಆಬು, ಅಂದರೆ ರಾಯಚೂರು, ಮಾನ್ವಿ, ದೇವದುರ್ಗ, ಕಂಪನಿಯ ಕೈಗೆ ಹೋದವು.

1857ರ ದಂಗೆಯಲ್ಲಿ ಸಾಲಾರ್ ಜಂಗರ ಹೈದರಾಬಾದು ಇಂಗ್ಲಿಷರ ಕೈಬಿಡಲಿಲ್ಲ. ಅದರ ಇನಾಮೆಂದು 1860ರಲ್ಲಿ ದೋಆಬು, ಧಾರಾಶಿವ ಹಿಂದಕ್ಕೆ ಬಂದವು, ಐವತ್ತು ಲಕ್ಷದ ಸಾಲ ಮನ್ನಾ ಆಯಿತು, ಸುರಪುರವೂ ಸಿಕ್ಕಿತು. ಸುರಪುರದ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ ನಾಡು ಅದು. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಗಂಟಿನ ಹಾಗೆ ಕೈ ಬದಲಾದ ಈ ಸೀಮೆಗಳ ರೈತರನ್ನು ಇಬ್ಬರೂ ಒಂದು ಮಾತು ಕೇಳಿದ್ದಿಲ್ಲ. ಇತಿಹಾಸದ ಮಾಸ್ತರರು ಇದನ್ನು ಸ್ವಲ್ಪ ಒತ್ತಿ ಹೇಳಬೇಕೆಂದು ನನ್ನ ಆಸೆ.

ಬೇರಾರ್ ಮಾತ್ರ ಬರಲಿಲ್ಲ. 1902ರಲ್ಲಿ ಕರ್ಜನ್ ವರ್ಷಕ್ಕೆ 25 ಲಕ್ಷ ರೂಪಾಯಿಯಂತೆ ಅದನ್ನು ಕಾಯಂ ಗುತ್ತಿಗೆ ಮಾಡಿಸಿಕೊಂಡ. ಮೊದಲ ಮಹಾಯುದ್ಧದಲ್ಲಿ ಧಾರಾಳವಾಗಿ ಹಣ ಕೊಟ್ಟ ಉಸ್ಮಾನ್ ಅಲಿ ಖಾನರಿಗೆ "ನಂಬಿಗಸ್ತ ಮಿತ್ರ" ಎಂಬ ಬಿರುದು ಸಿಕ್ಕಿತು. ಆ ಬಿರುದನ್ನೇ ನಂಬಿ ಬೇರಾರ್ ಕೊಡಿರೆಂದು ಅವರು ಕೇಳಿದರು. 1926ರಲ್ಲಿ ವೈಸ್‌ರಾಯ್ ರೀಡಿಂಗ್ ಉತ್ತರ ಬರೆದ: ಬ್ರಿಟಿಷ್ ಪ್ರಭುತ್ವವೇ ಸರ್ವೋಚ್ಚ, ಸರಿಸಮಾನರಾಗಿ ಮಾತಾಡುವ ಹಕ್ಕು ಯಾವ ಸಂಸ್ಥಾನಿಕನಿಗೂ ಇಲ್ಲ.

ಮರುದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಅದೇ ಹುಡುಗ ಕೇಳಿದ, "ನಿಮ್ಮ ಹೊಲ ಬಂತೇನ್ರಿ ಸರ್?"

ಬರಲಿಲ್ಲ. ಅಲ್ಲೀಗ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಿದೆ, ಭತ್ತ ಬೆಳೆಯುತ್ತಾರೆ.