ಎರಡು ಮಂಚದ ನಡುವಿನ ಸಂದಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರ ಮನೆಯಲ್ಲಿ ಗಂಡ ಜಗಲಿಯ ಮೇಲೂ ಹೆಂಡತಿ ನಡುಮನೆಯಲ್ಲೂ ಮಲಗುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದವರ ಬಾಯಲ್ಲಿ ಅಂಥ ಮಾತು ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಂತೂ ಉಣ್ಣುವ ತನಕ ಎಲ್ಲ ಸುಸೂತ್ರ. ಸಾರಿಗೆ ಉಪ್ಪು ಮರೆತಿದ್ದರೂ ಇವರು ತುಟಿ ಪಿಟಕ್ಕೆನ್ನದೆ ಉಂಡು ಏಳುತ್ತಾರೆ. ತಕರಾರು ಶುರುವಾಗುವುದೇ ದೀಪ ಆರಿಸಿದ ಮೇಲೆ. ಫ್ಯಾನು ಎಷ್ಟರಲ್ಲಿರಬೇಕು, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ, ಹಿಂಬಾಗಿಲ ಚಿಲಕ ಹಾಕಿದ್ದು ಯಾರು, ಹಾಕಿಲ್ಲದಿದ್ದರೆ ಈಗ ಎದ್ದು ಹೋಗುವವರು ಯಾರು.

ನನ್ನ ತಾತ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಗಳಿಗೆ ಜಾಗವೇ ಇರಲಿಲ್ಲ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ, ತೊಟ್ಟಿಮನೆ. ತಾತ ಜಗಲಿಯ ಮೇಲೆ ಈಚಲು ಚಾಪೆ ಹಾಸಿ, ಕರಿಯ ಕಂಬಳಿ ಹೊದ್ದು, ಕೈಗೆಟುಕುವಂತೆ ಲಾಟೀನು, ದೊಣ್ಣೆ ಇಟ್ಟುಕೊಂಡು ಮಲಗುತ್ತಿದ್ದರು. ಅಜ್ಜಿ ನಡುಮನೆಯಲ್ಲಿ, ಮೊಮ್ಮಕ್ಕಳ ಸಾಲಿನ ಕೊನೆಯಲ್ಲಿ. ಅವರಿಬ್ಬರೂ ಒಂದು ಚಾಪೆಯ ಮೇಲೆ ಕೂತದ್ದನ್ನೂ ನಾವು ಕಂಡವರಲ್ಲ. ಆದರೆ ಮಕ್ಕಳು ಒಂಬತ್ತು. ಈ ಲೆಕ್ಕ ಹೇಗೆ ತಾಳೆಯಾಗುತ್ತದೆ ಎಂದು ಕೇಳಿದ್ದಕ್ಕೆ ಚಿಕ್ಕಮ್ಮನಿಂದ ತಲೆಗೆ ಮೊಟಕಿಸಿಕೊಂಡಿದ್ದೆ.

ಅದೂ ಸಾಲದೆಂದು ಹಿರಿಯರು ಪಂಚಾಂಗವನ್ನೇ ಗಂಡ ಹೆಂಡಿರನ್ನು ಆಗಾಗ ಬೇರೆ ಮಲಗಿಸುವಂತೆ ಹೊಂದಿಸಿದ್ದರು. ಮದುವೆಯಾದ ಮೊದಲ ಆಷಾಢ ಬಂತೆಂದರೆ ಹೊಸ ಹೆಣ್ಣು ತವರಿಗೆ. ಅತ್ತೆ ಸೊಸೆ ಒಂದು ಹೊಸಿಲು ದಾಟಬಾರದು ಎಂಬುದು ಬಾಯಲ್ಲಿ ಹೇಳುವ ಕಾರಣ. ಆಷಾಢದಲ್ಲಿ ಬಸಿರು ನಿಂತರೆ ಹೆರಿಗೆ ಚೈತ್ರದ ಉರಿ ಬಿಸಿಲಿಗೆ ಬೀಳುತ್ತದೆ ಎಂಬುದು ಹೆಂಗಸರು ಹಿತ್ತಲಲ್ಲಿ ಆಡಿಕೊಳ್ಳುವ ಕಾರಣ. ಆಮೇಲೆ ಬಾಣಂತನಕ್ಕೆ ತಿಂಗಳುಗಟ್ಟಲೆ ತವರು. ತಿಂಗಳಿಗೆ ಮೂರು ದಿನ ಚಾಪೆ, ಚೊಂಬು ಎಲ್ಲ ಬೇರೆ. ಆ ಮೂರು ದಿನದ ಅವಮಾನವನ್ನು ನಾನೇನೂ ಹೊಗಳಲಾರೆ. ಆದರೆ ತಿಂಗಳಲ್ಲಿ ತಾನು ಕಣ್ತುಂಬ ನಿದ್ದೆ ಮಾಡುತ್ತಿದ್ದುದು ಆಗ ಮಾತ್ರ ಎಂದು ಅಜ್ಜಿ ಹೇಳುತ್ತಿದ್ದುದೂ ನಿಜ.

ನಮ್ಮ ಮದುವೆಯ ಹೊತ್ತಿಗೆ ಕಾಲ ಬದಲಾಗಿತ್ತು, ಮನೆ ಬದಲಾಗಿರಲಿಲ್ಲ. ಮೈಸೂರಿನ ವಠಾರದ ಎರಡು ಕೋಣೆಯಲ್ಲಿ ಅತ್ತೆ, ಮಾವ, ಮೈದುನ, ನಾವು. ನಮಗೆ ಬಿಟ್ಟುಕೊಟ್ಟ ಕೋಣೆಗೂ ನಡುಮನೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಅಲ್ಲಿ ಒಂದು ನವಾರು ಮಂಚವಿತ್ತು. ಮಗ್ಗುಲು ಬದಲಿಸಿದರೆ ಕಿರುಗುಟ್ಟಿ ಇಡೀ ವಠಾರಕ್ಕೆ ಸಾಕ್ಷಿ ಹೇಳುತ್ತಿತ್ತು. ಆ ಕಿರುಗುಟ್ಟಿಗೆ ಉತ್ತರವಾಗಿ ಆಚೆಯಿಂದ ಮಾವನವರ ಕೆಮ್ಮು. ಕೊನೆಗೆ ಮಂಚದ ಮೇಲೆ ಪೆಟ್ಟಿಗೆಗಳನ್ನು ಜೋಡಿಸಿಟ್ಟು, ನಾವು ನೆಲಕ್ಕೆ ಜಮಖಾನ ಹಾಸಿಕೊಂಡೆವು. ಬಳೆಯ ಸದ್ದಾದೀತೆಂದು ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು ಮಲಗುತ್ತಿದ್ದೆ. ನಮ್ಮದೇ ಮನೆ, ನಮ್ಮದೇ ಮಂಚ, ಬಾಗಿಲಿಗೆ ಒಳಗಿನಿಂದ ಚಿಲಕ ಎಂಬುದು ಆಗ ನಾವು ಪಿಸುಮಾತಿನಲ್ಲಿ ಕಟ್ಟಿಕೊಂಡ ಕನಸು.

ಇವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಬಾಡಿಗೆ ಮನೆ ಹಿಡಿದಾಗ ಆ ಕನಸು ಮುಕ್ಕಾಲು ಭಾಗ ನನಸಾಯಿತು. ಕಾಲು ಭಾಗ ಉಳಿದದ್ದು ಮಂಚದಿಂದಾಗಿ. ಇವರ ಬ್ರಹ್ಮಚರ್ಯದ ಒಂಟಿ ಮಂಚ ಒಂದಿತ್ತು. ನನ್ನಪ್ಪ ಬೀರುವಿನ ಜೊತೆಗೆ ಕೊಟ್ಟ ತೇಗದ ಒಂಟಿ ಮಂಚ ಇನ್ನೊಂದು. ಎರಡಿದ್ದ ಮೇಲೆ ಮೂರನೆಯದು ಯಾಕೆ ಎಂದು ಇವರು ಎರಡನ್ನೂ ಜೋಡಿಸಿ, ಕಾಲಿಗೆ ಕಾಲು ಸೇರಿಸಿ ನೂಲಿನ ಹಗ್ಗದಲ್ಲಿ ಕಟ್ಟಿದರು. ಅಪ್ಪ ಕೊಟ್ಟ ಮಂಚ ಒಂದಿಂಚು ಎತ್ತರ. ಆ ಒಂದಿಂಚನ್ನು ನಾನು ಸಂಸಾರದುದ್ದಕ್ಕೂ ಬೇಕಾದಾಗಲೆಲ್ಲ ಬಳಸಿಕೊಂಡಿದ್ದೇನೆ.

ಹಾಸಿಗೆಗಳೂ ಎರಡು. ಮನೆಯ ಮುಂದೆಯೇ ಕೂತು ಹತ್ತಿ ಬಡಿಯುವವರು ಬಿಲ್ಲಿನ ಹುರಿ ಮೀಟಿ ಮೀಟಿ, ಅಂಗಳವನ್ನೆಲ್ಲ ಬೆಳ್ಳಗೆ ಮಾಡಿ ತುಂಬಿಕೊಟ್ಟ ಹಾಸಿಗೆಗಳು. ದಿಂಬಿಗೆ ಬೂರುಗದ ಹತ್ತಿ. ವರ್ಷ ಕಳೆದಂತೆ ಹತ್ತಿ ಗಂಟುಗಂಟಾಗಿ ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಎರಡು ಹಾಸಿಗೆಯ ನಡುವೆ ಮಾತ್ರ ಯಾವ ಕಾಲಕ್ಕೂ ತುಂಬದ ಸಂದಿ. ಇವರ ಕನ್ನಡಕ, ನನ್ನ ಹೇರ್‌ಪಿನ್ನು, ಎಚ್‌ಎಂಟಿ ವಾಚು, ಅಮೃತಾಂಜನದ ಡಬ್ಬಿ ಎಲ್ಲ ಅದರ ಪಾಲು. ಮಗಳು ಹುಟ್ಟಿದ ಮೇಲೆ ಅಲ್ಲಿ ಹಳೆ ಸೀರೆ ತುರುಕಿ ಅವಳನ್ನು ಮಲಗಿಸಿದೆವು. ಅವಳು ನೆಟ್ಟಗೆ ಮಲಗಿದವಳು ಬೆಳಗಿನ ಹೊತ್ತಿಗೆ ಗಡಿಯಾರದ ಮುಳ್ಳಿನ ಹಾಗೆ ಸುತ್ತಿ, ತಲೆ ನನ್ನ ಹೊಟ್ಟೆಗೂ ಕಾಲು ಅಪ್ಪನ ಮೂಗಿಗೂ ಬರುತ್ತಿದ್ದಳು. ಇದೆಲ್ಲದರ ಮೇಲೆ ಸೊಳ್ಳೆ ಪರದೆ. ನಾಲ್ಕು ಮೂಲೆ ಕಟ್ಟಿ, ಸುತ್ತ ಹಾಸಿಗೆಯಡಿ ಸಿಕ್ಕಿಸಿ, ಒಳಗೆ ನುಗ್ಗಿದ್ದ ಒಂದೇ ಒಂದು ಸೊಳ್ಳೆಯನ್ನು ಹೊಡೆದು ಮುಗಿಸಿದ ಮೇಲೆ ಇವರಿಗೆ ಬಾಯಾರಿಕೆಯಾಗುತ್ತಿತ್ತು.

ಫ್ಯಾನಿನ ವ್ಯಾಜ್ಯ ಆ ಮನೆಯಲ್ಲೇ ಹುಟ್ಟಿದ್ದು. ಇವರಿಗೆ ಐದರಲ್ಲಿ ತಿರುಗಬೇಕು, ನನಗೆ ಎರಡು ಸಾಕು. ಮೂರರಲ್ಲಿಟ್ಟರೆ ಇಬ್ಬರಿಗೂ ಅಸಮಾಧಾನ. ಕಾವೇರಿ ನ್ಯಾಯಮಂಡಳಿ 1990ರಲ್ಲಿ ರಚನೆಯಾಗಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ತಿದ್ದಿ ಇನ್ನೊಂದು ಕೊಟ್ಟಿತು. ನಮ್ಮದು ಇನ್ನೂ ವಿಚಾರಣೆಯಲ್ಲೇ ಇದೆ. ತಮಾಷೆಯೆಂದರೆ ನಡುವೆ ವಾದಿ ಪ್ರತಿವಾದಿಗಳೇ ಅದಲು ಬದಲಾದರು. ಐವತ್ತರ ಆಸುಪಾಸಿನಲ್ಲಿ ನನಗೆ ಮುಟ್ಟು ನಿಲ್ಲುವ ಕಾಲ. ನಡುರಾತ್ರಿ ಮೈಯೆಲ್ಲ ಧಗ್ಗೆಂದು ಬೆವೆತು ಫ್ಯಾನು ಐದಕ್ಕೆ ತಿರುಗಿಸುವವಳು ನಾನಾದೆ. ಮಂಕಿ ಕ್ಯಾಪು ಹಾಕಿಕೊಂಡು, ಸೊಲ್ಲಾಪುರದ ಚಾದರವನ್ನು ಕಿವಿಯವರೆಗೆ ಎಳೆದುಕೊಂಡು ‘ಎರಡು ಸಾಕು ಕಣೇ’ ಎಂದು ಗೋಗರೆಯುವವರು ಇವರಾದರು. ನಾನು ಹಿಂದೆ ಮಂಡಿಸಿದ್ದ ವಾದಗಳನ್ನೇ ಒಂದಕ್ಷರ ಬಿಡದೆ ಮಂಡಿಸುತ್ತಿದ್ದರು.

ಚಾದರ ಅಂದೆನಲ್ಲ, ಅದರ ಬಗ್ಗೆ ಅಮೆರಿಕದಲ್ಲಿರುವ ಮಗಳು ಈಚೆಗೆ ಫೋನಿನಲ್ಲಿ ಒಂದು ಹೊಸ ಸಂಗತಿ ತಿಳಿಸಿದಳು. ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿ ಇಬ್ಬರೂ ಬೇರೆ ಬೇರೆ ಹೊದಿಕೆ ಹೊದೆಯುವುದಕ್ಕೆ ಸ್ಕ್ಯಾಂಡಿನೇವಿಯನ್ ಪದ್ಧತಿ ಎನ್ನುತ್ತಾರಂತೆ. ನಿದ್ದೆಗೆ ಬಹಳ ಒಳ್ಳೆಯದಂತೆ. ‘ನಿಮ್ಮಜ್ಜಿ ಬೀರುವಿನಲ್ಲಿ ಇಟ್ಟು ಹೋದ ಎಂಟು ಕಂಬಳಿಯೂ ಒಂಟಿಯದೇ ಕಣೇ’ ಅಂದೆ. ಬೇರೆ ಬೇರೆ ಕೋಣೆಯಲ್ಲಿ ಮಲಗುವುದಕ್ಕೆ ಅಲ್ಲಿ ಸ್ಲೀಪ್ ಡಿವೋರ್ಸ್ ಎಂಬ ಹೆಸರಿದೆಯೆಂದೂ ಹೇಳಿದಳು. ಹಾಗಾದರೆ ತಾತ ಅಜ್ಜಿಯರದು ಒಂಬತ್ತು ಮಕ್ಕಳ ವಿಚ್ಛೇದನ. ಅಷ್ಟು ದೂರ ಯಾಕೆ, ಶ್ರೀರಂಗಪಟ್ಟಣಕ್ಕೆ ಹೋಗಿ ನೋಡಿ. ಆದಿಶೇಷನ ಹಾಸಿಗೆಯಷ್ಟಗಲಕ್ಕೂ ರಂಗನಾಥ ಒಬ್ಬನೇ ಪವಡಿಸಿದ್ದಾನೆ. ರಂಗನಾಯಕಿ ಅಮ್ಮನವರಿಗೆ ಬೇರೆ ಗುಡಿ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಶೇಕ್ಸ್‌ಪಿಯರನ 1616ರ ಉಯಿಲಿನ ವಿಷಯ ಬಂದಾಗಲೆಲ್ಲ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಅಷ್ಟು ದೊಡ್ಡ ಕವಿ ಹೆಂಡತಿ ಆನಳ ಹೆಸರಿಗೆ ಬರೆದದ್ದು ಮನೆಯ ಎರಡನೇ ದರ್ಜೆಯ ಮಂಚವನ್ನು. ಇದು ಅವಮಾನವೋ ಪ್ರೀತಿಯೋ ಎಂದು ವಿದ್ವಾಂಸರು ಇಂದಿಗೂ ಕಿತ್ತಾಡುತ್ತಾರೆ. ಒಳ್ಳೆಯ ಮಂಚ ಅತಿಥಿಗಳಿಗೆ ಮೀಸಲು, ಎರಡನೆಯದೇ ಗಂಡ ಹೆಂಡತಿ ಮಲಗುತ್ತಿದ್ದ ಮಂಚ ಎಂಬುದು ಕೆಲವರ ವಾದ. ನನ್ನ ಮಟ್ಟಿಗೆ ಆ ಚರ್ಚೆ ಮುಗಿದುಹೋಗಿದೆ. ನಮ್ಮ ಮನೆಯ ಒಳ್ಳೆಯ ಹಾಸಿಗೆ ಬೀಗರು ಬಂದಾಗಷ್ಟೇ ಬಿಚ್ಚುವಂಥದು, ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಕಿತ್ತಿಲ್ಲ. ಹಳ್ಳ ಬಿದ್ದ ಹಾಸಿಗೆಯಲ್ಲಿ ಮಲಗುವವರೇ ಮನೆಯವರು.

ಇನ್ನು ಗೊರಕೆ. ಲಕ್ಷ್ಮಣ ಕಾಡಿನಲ್ಲಿ ಹದಿನಾಲ್ಕು ವರ್ಷ ಕಣ್ಣು ಮುಚ್ಚಲಿಲ್ಲ, ಅವನ ಪಾಲಿನ ನಿದ್ದೆಯನ್ನು ಅಯೋಧ್ಯೆಯಲ್ಲಿ ಊರ್ಮಿಳೆ ಮಾಡಿದಳು ಎಂಬ ಕತೆಯುಂಟಲ್ಲ. ನಮ್ಮಲ್ಲಿ ಅದು ತಿರುವುಮುರುವು. ನನ್ನ ಪಾಲಿನದನ್ನೂ ಸೇರಿಸಿ ಇವರೇ ಮಾಡುತ್ತಾರೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಕಿರಿದಾಗುತ್ತದೆ, ಮಗ್ಗುಲಾದರೆ ಗೊರಕೆ ತಗ್ಗುತ್ತದೆ ಎಂದು ಯಾರೋ ಹೇಳಿದರು. ಇವರ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟೆ. ಅಂಗಾತ ಹೊರಳಿದರೆ ಒತ್ತಿ ಎಚ್ಚರವಾಗಲಿ ಎಂದು. ಇವರಿಗೆ ಎಚ್ಚರವಾಗಲಿಲ್ಲ. ಚೆಂಡು ಕಿತ್ತುಕೊಂಡು ಉರುಳಿ, ಸೀದಾ ಹೋಗಿ ಸಂದಿಗೆ ಬಿತ್ತು.

ಮಗಳು ಮದುವೆಯಾಗಿ ಹೋಗಿ ಅವಳ ಕೋಣೆ ಖಾಲಿಯಾದ ಮೇಲೆ ಒಂದು ಪರೀಕ್ಷೆಯ ಮೌಲ್ಯಮಾಪನದ ಕಾಲದಲ್ಲಿ ನಾನು ದಿಂಬು ಹಿಡಿದು ಅಲ್ಲಿಗೆ ಹೋದೆ. ನಾಲ್ಕು ದಿನಕ್ಕೆಂದು ಹೋದವಳು ಅಲ್ಲೇ ಉಳಿದೆ. ಯಾರೂ ಮಾತಾಡಿ ತೀರ್ಮಾನಿಸಿದ್ದಲ್ಲ. ಫ್ಯಾನು ನನ್ನಿಷ್ಟದಂತೆ ತಿರುಗಿತು, ದೀಪ ಹಚ್ಚಿಕೊಂಡು ಹನ್ನೆರಡರವರೆಗೆ ಓದಿದೆ, ಕಾಲು ಚಾಚಿದಷ್ಟೂ ಹಾಸಿಗೆ. ಆ ಸುಖವನ್ನು ನಾನು ಸುಳ್ಳೆನ್ನಲಾರೆ.

ಹೋದದ್ದು ಕತ್ತಲೆಯ ಮಾತು. ಈ ಮನೆಯ ಮುಖ್ಯ ವಿಷಯಗಳೆಲ್ಲ ಇತ್ಯರ್ಥವಾದದ್ದು ದೀಪ ಆರಿಸಿದ ಮೇಲೆ. ಸೈಟಿನ ಸಾಲ, ಮೈದುನನ ಮದುವೆ, ಮಗಳು ಯಾರನ್ನೋ ಮೆಚ್ಚಿದ್ದಾಳೆಂಬ ಸುದ್ದಿ. ಹಗಲು ಹೊತ್ತು ಇವರು ಪೇಪರಿನ ಹಿಂದೆ, ನಾನು ಒಲೆಯ ಮುಂದೆ. ಮುಖ ಕಾಣದಿದ್ದರೆ ಗಂಡಸರಿಗೆ ಮಾತು ಸಲೀಸು. ಮಾವ ತೀರಿಕೊಂಡಾಗ ಇವರು ಅಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಬಡಿಸುವವರ ಮೇಲೆ ರೇಗಾಡುತ್ತಾ ಓಡಾಡಿದರು. ಎಷ್ಟೋ ದಿನದ ಮೇಲೆ ಒಂದು ರಾತ್ರಿ, ನಿದ್ದೆ ಹೋಗಿದ್ದಾರೆಂದುಕೊಂಡಿದ್ದೆ, ‘ಅಪ್ಪನಿಗೆ ನನ್ನ ಮೇಲೆ ಬೇಜಾರಿತ್ತೇನೇ?’ ಅಂದರು. ಇರಲಿಲ್ಲ ಅಂದೆ. ಸಂದಿ ದಾಟಿ ಒಂದು ಕೈ ಬಂತು. ಈ ಪ್ರಶ್ನೆಯನ್ನು ಎದ್ದು ಬಂದು, ಪಕ್ಕದ ಕೋಣೆಯ ಬಾಗಿಲು ತಟ್ಟಿ ಕೇಳುವ ಗಂಡಸನ್ನು ನಾನಿನ್ನೂ ನೋಡಿಲ್ಲ.

ಈಗ ಹನ್ನೊಂದು ಗಂಟೆಗೆ ಮೊಬೈಲು ಹೊಡೆದುಕೊಳ್ಳುತ್ತದೆ. ‘ಇವಳೇ, ಗ್ಯಾಸ್ ಆಫ್ ಮಾಡಿದೀಯಾ?’ ಒಂದು ಸಲ ಫೋನಿನಿಂದ, ಒಂದು ಸಲ ಗೋಡೆಯಿಂದ ಕೇಳಿಸುತ್ತದೆ. ಮಾಡಿದೀನಿ ರೀ, ಅನ್ನುತ್ತೇನೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇರುತ್ತೇವೆ. ಅದರಲ್ಲಿ ಮುಂದಿನ ಮಾತು ಬರುವುದಿಲ್ಲ.

ಹಗಲೆಲ್ಲ ತೂಕಡಿಸುತ್ತಾರೆಂದು ಇವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಅವರು ಇವರನ್ನು ಬಿಟ್ಟು ನನ್ನನ್ನು ಕೇಳಿದರು: ಗೊರಕೆಯ ನಡುವೆ ಉಸಿರು ನಿಲ್ಲುತ್ತದಾ? ಎಷ್ಟು ಹೊತ್ತು? ರೋಗಿಗೆ ಗೊತ್ತಿರುವುದಿಲ್ಲ ಮೇಡಂ, ಪಕ್ಕದಲ್ಲಿ ಮಲಗುವವರಿಗೇ ಗೊತ್ತು. ಇವರು ನನ್ನ ಮುಖ ನೋಡಿದರು. ತನ್ನ ಬಗ್ಗೆ ತನಗೇ ತಿಳಿಯದ ಒಂದು ವಿಷಯ ಇವಳಿಗೆ ತಿಳಿದಿದೆ ಎಂಬುದು ಬ್ಯಾಂಕಿನಲ್ಲಿ ಲೆಕ್ಕ ಬರೆದವರಿಗೆ ಸುಲಭವಾಗಿ ಜೀರ್ಣವಾಗುವಂಥದಲ್ಲ. ಉಸಿರಿನ ಯಂತ್ರ ಬಂತು. ರಾತ್ರಿ ಮೂಗಿಗೆ ಮುಖವಾಡ ಕಟ್ಟಿಕೊಳ್ಳುತ್ತಾರೆ. ಗೊರಕೆ ನಿಂತಿತು.

ಅಂದರೆ ಬೇರೆ ಕೋಣೆಗೆ ಕಾರಣವೂ ನಿಂತಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ಯಾರು? ಈ ವಯಸ್ಸಿನಲ್ಲಿ ವಾಪಸ್ ಬರಲಾ ಎಂದು ಕೇಳುವುದು ಹೇಗೆ, ಬಾ ಎಂದು ಕರೆಯುವುದು ಹೇಗೆ? ಹಾಗೇ ಒಂದು ಮಳೆಗಾಲ ಕಳೆಯಿತು. ಕೊನೆಗೆ ಇವರು ಪೇಪರಿನ ಹಿಂದಿನಿಂದ, ‘ಆ ಹಾಸಿಗೆ ತುಂಬಾ ಹಳ್ಳ ಬಿದ್ದಿದೆ, ಹೊಸದು ನೋಡೋಣ್ವಾ’ ಎಂದರು. ನೋಡೋಣ ಅಂದೆ. ಒಂಟಿಯೋ ಜೋಡಿಯೋ ಎಂದು ಇಬ್ಬರೂ ಕೇಳಲಿಲ್ಲ.

ಈಗಿನ ಹಾಸಿಗೆ ಅಂಗಡಿಯಲ್ಲಿ ಮಲಗಿ ನೋಡಬೇಕಂತೆ. ಎದುರಿಗೆ ಗಾಜು, ಅದರಾಚೆ ಬಸ್ ಸ್ಟಾಪು. ನಾನು ಸೆರಗು ಸರಿಮಾಡಿಕೊಂಡು ತುದಿಯಲ್ಲಿ ಕೂತೆ. ಇವರು ಚಪ್ಪಲಿ ಬಿಟ್ಟು ಉದ್ದಕ್ಕೆ ಮಲಗಿಯೇ ಬಿಟ್ಟರು. ಹುಡುಗ ವಿವರಿಸಿದ. ಕ್ವೀನ್ ಅಂದರೆ 60 ಇಂಚು ಅಗಲ, ಕಿಂಗ್ ಅಂದರೆ 72. ರಾಣಿಗಿಂತ ರಾಜನಿಗೆ ಒಂದಡಿ ಹೆಚ್ಚು, ಇರಲಿ. ಆಮೇಲೆ ಒಂದು ಗಾಜಿನ ಲೋಟದ ತುಂಬ ನೀರು ತಂದು ಹಾಸಿಗೆಯ ಮೇಲಿಟ್ಟು, ಪಕ್ಕದಲ್ಲಿ ಗುದ್ದಿದ. ನೀರು ಅಲುಗಲಿಲ್ಲ. ‘ನೋಡಿ ಮೇಡಂ, ಸರ್ ಎಷ್ಟು ಹೊರಳಾಡಿದರೂ ನಿಮಗೆ ಗೊತ್ತೇ ಆಗಲ್ಲ.’

ಗೊತ್ತಾಗಬಾರದು ಎಂದಿದ್ದರೆ ಬೇರೆ ಕೋಣೆಯಲ್ಲೇ ಇರುತ್ತಿದ್ದೆನಲ್ಲಪ್ಪ ಎಂದು ಅವನಿಗೆ ಹೇಳಲಿಲ್ಲ. ಅವನಿಗಿನ್ನೂ ಮದುವೆಯಾಗಿರಲಿಲ್ಲವೆಂದು ಕಾಣುತ್ತದೆ. ‘ಅಷ್ಟು ಒಳ್ಳೆಯದು ಬೇಡ, ಸ್ವಲ್ಪ ಅಲುಗಾಡುವಂಥದು ತೋರಿಸು’ ಅಂದೆ. ಅವನು ನನ್ನನ್ನೊಮ್ಮೆ, ಲೋಟವನ್ನೊಮ್ಮೆ ನೋಡಿ, ತೆಂಗಿನ ನಾರಿನದರ ಕಡೆಗೆ ಕೈ ತೋರಿಸಿದ. ‘ಸೈಜು ಯಾವುದು ಮೇಡಂ? ಸಿಂಗಲ್ಲಾ, ಡಬಲ್ಲಾ?’

ಇವರ ಕಡೆ ತಿರುಗಿದೆ. ಕಣ್ಣು ಮುಚ್ಚಿದ್ದವು, ಕೈ ಎದೆಯ ಮೇಲಿತ್ತು. ‘ಸರ್ ನಿದ್ದೆ ಹೋಗ್ಬಿಟ್ರು’ ಎಂದ ಹುಡುಗ ದನಿ ತಗ್ಗಿಸಿ.

ಯಂತ್ರವಿಲ್ಲದೆ, ಅಂಗಾತ ಮಲಗಿ, ಗೊರಕೆಯೇ ಇಲ್ಲದ ನಿದ್ದೆ! ಅವನು ನಂಬಲಿ.

‘ಡಬಲ್ಲು’ ಅಂದೆ.

ಮುಚ್ಚಿದ ಕಣ್ಣು ತೆರೆಯದೆ ಇವರು, ‘ಮನೆಗೆ ತಲುಪಿಸೋದು ಎಂದಿಗೆ ಅಂತ ಕೇಳು’ ಎಂದರು.