ಚಂದ್ರಗಿರಿ ಸೇತುವೆಯವರೆಗೆ

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ, ಕಾಞಂಗಾಡಿನ ಕಡೆಗೆ ಹೋಗುವ ಕರಾವಳಿ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಚಂದ್ರಗಿರಿ ಸೇತುವೆ ಸಿಗುತ್ತದೆ. ಹಗಲಿನಲ್ಲಿ ಬಸ್ಸು ಲಾರಿಗಳ ಗದ್ದಲದ ನಡುವೆ ಅದನ್ನು ದಾಟಿದ್ದೇ ತಿಳಿಯುವುದಿಲ್ಲ. ಬೆಳಗಿನ ಆರು ಗಂಟೆಗೆ ಹೋದವರಿಗೆ ಮಾತ್ರ ಹೊಳೆ ಕಾಣಸಿಗುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮಾರ್ಗವಾಗಿ ಇಳಿದು ಬರುವ ಪಯಸ್ವಿನಿಯು ಇಲ್ಲಿ ಚಂದ್ರಗಿರಿ ಎಂಬ ಹೆಸರು ಹೊತ್ತು, ಅಗಲವಾಗಿ, ಅವಸರವಿಲ್ಲದೆ ಕಡಲಿನತ್ತ ಸರಿಯುತ್ತದೆ. ದಂಡೆಗಳಲ್ಲಿ ತೆಂಗಿನ ಸಾಲು. ರಾತ್ರಿ ಬಲೆ ಬೀಸಿದವರ ದೋಣಿಗಳು ಮರಳುವ ಹೊತ್ತದು.

ಕಳೆದ ಎರಡು ವರ್ಷಗಳಿಂದ ನಾನು ಈ ಸೇತುವೆಯವರೆಗೆ ನಡೆದು ಹಿಂದಿರುಗುತ್ತಿದ್ದೇನೆ. ಹೋಗಿ ಬರಲು ಮುಕ್ಕಾಲು ಗಂಟೆ ಬೇಕು. ನಡಿಗೆ ನನ್ನ ಹವ್ಯಾಸವೇನೂ ಆಗಿರಲಿಲ್ಲ. ಇಪ್ಪತ್ತು ವರ್ಷಗಳ ವಕೀಲಿ ವೃತ್ತಿಯೆಂದರೆ ಇಪ್ಪತ್ತು ವರ್ಷ ಕುಳಿತದ್ದು ಎಂದೇ ಅರ್ಥ: ಮನೆಯ ಕಚೇರಿಯಲ್ಲಿ, ಕಾರಿನಲ್ಲಿ, ವಿದ್ಯಾನಗರದ ನ್ಯಾಯಾಲಯದ ಬೆಂಚಿನಲ್ಲಿ. ನಲವತ್ತಮೂರರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಮಿತಿಯನ್ನು ದಾಟಿತ್ತು. ವೈದ್ಯರು ಚೀಟಿ ಬರೆಯುವ ಮುನ್ನ, “ನೀವು ಕಕ್ಷಿದಾರರಿಗೆ ವಾಯಿದೆ ಕೊಡಿಸುವವರು. ಈ ಪ್ರಕರಣದಲ್ಲಿ ವಾಯಿದೆ ಕೇಳಬೇಡಿ” ಎಂದರು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂತಹ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗುವುದಿಲ್ಲ. ಅಷ್ಟನ್ನು ಉಳಿಸಿಕೊಳ್ಳಲಾಗದ ಮನುಷ್ಯನಿರಬಹುದೇ ಎಂದು ಅಂದು ನನಗೆ ಅನಿಸಿತ್ತು.

ಅಂಥವನು ನಾನೇ ಎಂದು ಒಂದು ವಾರದಲ್ಲಿ ತಿಳಿಯಿತು. ಕಾಲುಗಳು ಸಿದ್ಧವಿದ್ದವು, ಫೋನು ಬಿಡಲಿಲ್ಲ. ಆರು ಗಂಟೆಗೇ ಕರೆಗಳು ಆರಂಭ. “ವಕೀಲರೇ, ನೆರೆಯವನು ರಾತ್ರೋರಾತ್ರಿ ಬೇಲಿ ಸರಿಸಿದ್ದಾನೆ”, “ವಕೀಲರೇ, ಇವತ್ತು ನಮ್ಮ ಕೇಸು ಉಂಟೋ?” ಕೆಲವರು ನೇರವಾಗಿ ಮನೆಗೇ ಬಂದು ಜಗಲಿಯಲ್ಲಿ ಕುಳಿತಿರುತ್ತಿದ್ದರು. ಸೇತುವೆಯ ಮೇಲೆ ನಿಂತು, ಒಂದು ಕಿವಿ ಮುಚ್ಚಿಕೊಂಡು, ಬೇರೆಯವರ ಗಡಿಕಲ್ಲಿನ ಬಗ್ಗೆ ನಾನು ಸಲಹೆ ಕೊಡುತ್ತಿದ್ದೆ.

ಇದರಲ್ಲಿ ಕಕ್ಷಿದಾರರ ತಪ್ಪಿರಲಿಲ್ಲ. ದಾರಿಹಕ್ಕು, ನೀರಿನ ಹಕ್ಕುಗಳ ವ್ಯಾಜ್ಯಗಳಲ್ಲಿ ನಾವು ದಿನನಿತ್ಯ ಬಳಸುವ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಒಂದು ನಿಯಮವಿದೆ. ನಿಮ್ಮ ಹಿತ್ತಿಲಿನ ಮೂಲಕ ನೆರೆಯವನು ಹಕ್ಕಿನಿಂದೆಂಬಂತೆ, ಬಹಿರಂಗವಾಗಿ, ಶಾಂತಿಯುತವಾಗಿ, ಅಡ್ಡಿಯಿಲ್ಲದೆ ಇಪ್ಪತ್ತು ವರ್ಷ ನಡೆದಾಡಿದರೆ ಆ ದಾರಿ ಅವನ ಹಕ್ಕಾಗುತ್ತದೆ. ನಿಮ್ಮ ಅನುಮತಿ ಪಡೆದು ನಡೆದವನಿಗಾದರೋ ಆ ಹಕ್ಕು ಹುಟ್ಟುವುದಿಲ್ಲ. ನನ್ನ ಮುಂಜಾವಿನ ಮೂಲಕ ಊರವರು ಸರಿಯಾಗಿ ಇಪ್ಪತ್ತು ವರ್ಷ ನಡೆದಿದ್ದರು. ನಾನು ಒಮ್ಮೆಯೂ ತಡೆದಿರಲಿಲ್ಲ, ‘ಇದು ಅನುಮತಿ ಮಾತ್ರ’ ಎಂದು ಹೇಳಿಯೂ ಇರಲಿಲ್ಲ.

ಎಲ್ಲೆಯ ಮಾತು ನಮ್ಮ ನಾಡಿನವರಿಗೆ ಹೊಸತಲ್ಲ. ತೋಟಕ್ಕೆ ಅಗಳು ತೋಡುತ್ತೇವೆ, ಗುಡ್ಡೆಗೆ ಮುರಕಲ್ಲಿನ ಗೋಡೆ ಕಟ್ಟುತ್ತೇವೆ. ಈ ಚಂದ್ರಗಿರಿಯೇ ತುಳುನಾಡಿಗೂ ಮಲೆಯಾಳಕ್ಕೂ ನಡುವಿನ ಎಲ್ಲೆಯೆಂದು ಹಿರಿಯರು ಹೇಳುತ್ತಿದ್ದರು. ಮಲೆಯಾಳಿ ಸ್ತ್ರೀಯರು ಈ ಹೊಳೆಯನ್ನು ದಾಟಬಾರದೆಂಬ ಕಟ್ಟುಪಾಡು ಹಿಂದೆ ಇತ್ತು. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಈ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. ಹೀಗೆ ಬೇರೆಯವರು ಎಳೆದ ಗೆರೆಗಳ ನಡುವೆ ಬದುಕುವುದು ನಮಗೆ ಅಭ್ಯಾಸವಾಗಿದೆ. ನಾವೇ ಒಂದು ಗೆರೆಯನ್ನು ಎಳೆದು, ಅದಕ್ಕೆ ಕಾವಲು ಕೂರುವ ಅಭ್ಯಾಸ ಮಾತ್ರ ಕಡಿಮೆ.

ನಾನು ಎಳೆದ ಗೆರೆ ಸರಳವಾದದ್ದು. ಬೆಳಗ್ಗೆ ಏಳೂವರೆಯವರೆಗೆ ಫೋನು ಎತ್ತುವುದಿಲ್ಲ, ಜಗಲಿಯಲ್ಲಿ ಮಾತುಕತೆಯಿಲ್ಲ. ಇದನ್ನು ಪ್ರತಿಯೊಬ್ಬ ಕಕ್ಷಿದಾರನಿಗೂ ಮೊದಲೇ ಬಾಯಿಬಿಟ್ಟು ಹೇಳಿದೆ. ನೊಂದುಕೊಂಡು, ಕರೆಯನ್ನು ಎತ್ತದೆ, ಆಮೇಲೆ ನೆಪ ಹೇಳುವುದು ಅವರಿಗೂ ಅನ್ಯಾಯ. ಹೆಚ್ಚಿನವರು ತಲೆಯಾಡಿಸಿದರು. ಹನ್ನೆರಡು ವರ್ಷ ನನ್ನೊಂದಿಗಿದ್ದ ಒಬ್ಬ ಹಿರಿಯರು ಮಾತ್ರ, “ನಿಮಗೀಗ ನಮ್ಮ ಅಗತ್ಯವಿಲ್ಲ” ಎಂದು ಕಡತಗಳನ್ನು ಕೇಳಿ ಪಡೆದು ಬೇರೆ ವಕೀಲರಲ್ಲಿಗೆ ಹೋದರು. ಅಂದು ಸಂಜೆ ನನ್ನ ನಿರ್ಧಾರ ಸಡಿಲವಾಗಿತ್ತು ಎಂಬುದನ್ನು ಮುಚ್ಚಿಡಲಾರೆ.

ನಮ್ಮ ಕಡೆ ಬೇಲಿ ಹಾಕುವವರು ತಡಮೆಯನ್ನೂ ಇಡುತ್ತಾರೆ. ದನಕರು ನುಗ್ಗದು, ಮನುಷ್ಯನಿಗೆ ದಾಟಲು ಬರುತ್ತದೆ. ನನ್ನ ಗೆರೆಗೂ ಒಂದು ತಡಮೆ ಬೇಕಾಯಿತು. ಬಂಧಿತನಾದವನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಅಂತಹ ಮನೆಯವರಿಗೆ ಏಳೂವರೆಯವರೆಗೆ ಕಾಯಿರಿ ಎನ್ನಲಾಗದು. ಅವರಿಗಾಗಿ ನನ್ನ ಕಿರಿಯ ಸಹೋದ್ಯೋಗಿಯ ಸಂಖ್ಯೆಯನ್ನು, ಅವನ ಒಪ್ಪಿಗೆ ಪಡೆದೇ, ಕೊಟ್ಟಿದ್ದೇನೆ. ಎರಡು ವರ್ಷಗಳಲ್ಲಿ ಆ ತಡಮೆಯನ್ನು ದಾಟಿ ಬಂದವರು ನಾಲ್ಕೇ ಮಂದಿ. ಉಳಿದ ಅಷ್ಟೂ ಕರೆಗಳು ಏಳೂವರೆಯ ನಂತರವೂ ಹಾಗೆಯೇ ಇದ್ದವು, ಏನೂ ಕೆಡಲಿಲ್ಲ.

ಊಟದ ಎಲೆಯ ಮುಂದೆ ಗೆರೆ ಎಳೆಯುವುದು ಇನ್ನೂ ಕಷ್ಟ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ–ನೀರು. ಜೆಂಬರದ ಮನೆಯಲ್ಲಿ ಹೋಳಿಗೆ ಬಡಿಸುವವರು ಒತ್ತಾಯಿಸದಿದ್ದರೆ ಅದು ಬಡಿಸಿದಂತೆಯೇ ಅಲ್ಲ. ‘ಬೇಡ’ ಎಂದರೆ ‘ಇನ್ನೊಂದು’ ಎಂದು ಅರ್ಥಮಾಡಿಕೊಳ್ಳುವ ಪ್ರೀತಿ ಅದು. ನಾನು ಕಲಿತ ಉಪಾಯವೆಂದರೆ, ಕಾರಣವನ್ನು ಉದ್ದವಾಗಿ ವಿವರಿಸದಿರುವುದು. ಕಾರಣ ಕೊಟ್ಟರೆ ಅದಕ್ಕೊಂದು ಪ್ರತಿವಾದ ಬರುತ್ತದೆ. “ಅರ್ಧ ಹೋಳಿಗೆ ತಿಂದೆ, ಬಹಳ ರುಚಿಯಾಗಿದೆ, ಸಾಕು” ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. ಬಡಿಸುವವರು ಮುಂದಿನ ಎಲೆಗೆ ಹೋಗುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನ ಗೆಲುವಿನ ಕಥೆಯಾಗುತ್ತಿತ್ತು. ಒಂದು ಭಾನುವಾರ ಅದು ಹಾಗೆ ಉಳಿಯಲಿಲ್ಲ.

ಅಂದು ನಾನು, ಪತ್ನಿ, ಹತ್ತನೆಯ ತರಗತಿಯ ಮಗಳು, ಮೂವರೂ ಹೊಳೆಯ ದಕ್ಷಿಣ ದಂಡೆಯ ಚಂದ್ರಗಿರಿ ಕೋಟೆಗೆ ಹೋಗಿದ್ದೆವು. ಮೇಲ್ಪರಂಬದ ಸಮೀಪ ಗುಡ್ಡದ ಮೇಲಿರುವ ಈ ಕೋಟೆ ಸುಮಾರು ಏಳು ಎಕರೆಯಷ್ಟೇ. ನಲವತ್ತು ಎಕರೆಯ ಬೇಕಲದ ಮುಂದೆ ಸಣ್ಣದು, ಪ್ರವಾಸಿಗರೂ ಕಡಿಮೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದ್ದೆಂದು ಇದರ ಇತಿಹಾಸ. ಕೆಂಪು ಮುರಕಲ್ಲಿನ ಗೋಡೆಯ ಮೇಲಿಂದ ನೋಡಿದರೆ ಹೊಳೆಯೂ ಕಡಲೂ ಒಂದಾಗುವುದು ಕಾಣುತ್ತದೆ. ನಾನೂ ಮಗಳೂ ಬೇಗಬೇಗನೆ ಏರಿದೆವು. ಹಿಂದಿರುಗಿ ನೋಡಿದರೆ ಪತ್ನಿ ಅರ್ಧದಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು.

“ನೀನೂ ದಿನಾ ನಡೆಯಬೇಕು” ಎಂದೆ.

“ನಡೆಯಬಹುದು” ಎಂದಳು. “ನಿಮಗೆ ದಿನಾ ಮುಕ್ಕಾಲು ಗಂಟೆ ಸಿಕ್ಕಿದೆಯಲ್ಲ, ಅದು ಎಲ್ಲಿಂದ ಬಂತು ಎಂದು ಯೋಚಿಸಿದ್ದುಂಟೋ?”

ನಾನು ಯೋಚಿಸಿರಲಿಲ್ಲ. ನಾನು ಸೇತುವೆಯಲ್ಲಿರುವಾಗ ಹಾಲು ಕಾಯಿಸಿದವಳು, ಮಗಳ ಬುತ್ತಿ ಕಟ್ಟಿದವಳು, ನನ್ನ ಅಮ್ಮನಿಗೆ ಮಾತ್ರೆ ಕೊಟ್ಟವಳು, ಜಗಲಿಗೆ ಬಂದವರಿಗೆ “ಅವರು ಏಳೂವರೆಗೆ ಸಿಗುತ್ತಾರೆ” ಎಂದು ನನ್ನ ನಿಯಮವನ್ನು ನನ್ನ ಪರವಾಗಿ ಹೇಳಿದವಳು ಅವಳೇ. ಮೊದಲಾದರೆ ಬುತ್ತಿಗೆ ನೀರು ತುಂಬಿಸುವುದು, ಮಾತ್ರೆ ಕೊಡುವುದು ಇಷ್ಟಾದರೂ ನನ್ನ ಪಾಲಿಗಿತ್ತು. ಗಡಿ ವ್ಯಾಜ್ಯಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, ಬೇಲಿ ಯಾರ ಜಾಗದಲ್ಲಿ ನಿಂತಿದೆ ಎಂಬುದು. ನನ್ನ ಬೇಲಿಯ ಬಗ್ಗೆ ಆ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಹೆಂಗಸರು ಹೊಳೆ ದಾಟಬಾರದೆಂಬ ಹಳೆಯ ಕಟ್ಟುಪಾಡನ್ನು ಓದಿ ನಗುತ್ತಿದ್ದ ನಾನು, ಬೆಳಗಿನ ಹೊತ್ತು ನನ್ನ ಮನೆಯ ಹೆಂಗಸು ಗೇಟನ್ನೂ ದಾಟದಂತೆ ವ್ಯವಸ್ಥೆ ಮಾಡಿಟ್ಟಿದ್ದೆ.

ಅಲ್ಲೇ ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತು ಹೊಸ ಒಪ್ಪಂದವಾಯಿತು. ಸೋಮವಾರ, ಬುಧವಾರ, ಶುಕ್ರವಾರದ ಬೆಳಗು ಅವಳದು. ಮಂಗಳವಾರ, ಗುರುವಾರ, ಶನಿವಾರದ್ದು ನನ್ನದು. ಭಾನುವಾರ ಎಲ್ಲರೂ ಒಟ್ಟಿಗೆ. ಮೂರು ದಿನಕ್ಕೆ 135 ನಿಮಿಷ, ಭಾನುವಾರದ ಗುಡ್ಡ ಸೇರಿದರೆ ವೈದ್ಯರ ಲೆಕ್ಕಕ್ಕೆ ಕೊರತೆಯಿಲ್ಲ. ಮಗಳು ಅಷ್ಟರಲ್ಲಿ, “ಹಾಗಾದರೆ ನನ್ನ ಐದು ಗಂಟೆ?” ಎಂದಳು. ಶಾಲೆ ಬಿಟ್ಟ ಮೇಲೆ ಅವಳು ಮೈದಾನದಲ್ಲಿ ಗೆಳತಿಯರೊಂದಿಗೆ ಆಡುತ್ತಿದ್ದ ಹೊತ್ತನ್ನು ನಾನು ಆ ವರ್ಷ ಟ್ಯೂಷನ್ನಿಗೆ ಕೊಟ್ಟಿದ್ದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಅರುವತ್ತು ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ 150 ನಿಮಿಷವನ್ನು ಉರು ಹೊಡೆದವನು ಆ ಸಾಲನ್ನು ಬಿಟ್ಟು ಓದಿದ್ದೆ. ಟ್ಯೂಷನ್ ಆರೂವರೆಗೆ ಹೋಯಿತು. ಪರೀಕ್ಷೆ ಹತ್ತಿರವಾದಂತೆ ಆ ಗಂಟೆಯ ಮೇಲೆ ನನ್ನ ಕಣ್ಣು ಮತ್ತೆ ಬೀಳುತ್ತದೆ. ಅವಳು ಬಿಟ್ಟುಕೊಡುವುದಿಲ್ಲ.

ಸಕ್ಕರೆಯ ಅಂಶ ಈಗ ಇಳಿದಿದೆ, ಪೂರ್ತಿ ಹತೋಟಿಗೆ ಬಂದಿಲ್ಲ. ಮುನಿದು ಹೋದ ಹಿರಿಯರು ಹಿಂದಿರುಗಿಲ್ಲ, ನ್ಯಾಯಾಲಯದ ಆವರಣದಲ್ಲಿ ಎದುರಾದರೆ ನಮಸ್ಕಾರ ಮಾತ್ರ ಉಂಟು. ಅಗಳಿನಂತೆ ಈ ಗೆರೆಯೂ ಪ್ರತಿ ಮಳೆಗಾಲದ ನಂತರ ಹೂಳು ತುಂಬುತ್ತದೆ, ಮತ್ತೆ ತೋಡಬೇಕಾಗುತ್ತದೆ.

ಇದನ್ನು ಬರೆಯುತ್ತಿರುವುದು ಒಂದು ಬುಧವಾರ, ಅಡುಗೆಮನೆಯ ಮೇಜಿನಲ್ಲಿ. ಅಮ್ಮನ ಮಾತ್ರೆ ಕೊಟ್ಟಾಯಿತು. ಮೊದಲ ದೋಸೆ ಕಾವಲಿಗೆ ಅಂಟಿಕೊಂಡಿದೆ, ಎರಡನೆಯದು ಪರವಾಗಿಲ್ಲ ಎಂದು ಮಗಳ ತೀರ್ಪು. ಫೋನು ಎರಡು ಸಲ ಬಾರಿಸಿ ಸುಮ್ಮನಾಯಿತು. ಗಂಟೆ ಆರೂಮುಕ್ಕಾಲು. ಪತ್ನಿ ಈಗ ಸೇತುವೆಯಿಂದ ಹಿಂದಿರುಗುತ್ತಿರಬೇಕು.